ಹಂಪೆಯ ಕಾಲುವೆಯ ದಂಡೆಯಲ್ಲಿ

ಗುಡಿಸದ ಮನೆಯನ್ನು ಕಂಡರೆ ನಮ್ಮ ತಾಯಿಯವರು "ಏನಿದು, ಹಾಳು ಹಂಪೆ ಮಾಡಿಟ್ಟೀರಿ" ಎಂದು ಗದರಿಸುತ್ತಿದ್ದರು. ಆದವಾನಿ ಸೀಮೆಯಲ್ಲಿ ಹಂಪೆಯನ್ನು ಕಣ್ಣಾರೆ ಕಾಣದವರ ಬಾಯಲ್ಲೂ ಈ ಮಾತು ಇದೆ. ಕಳೆದ ಡಿಸೆಂಬರಿನಲ್ಲಿ ನಮ್ಮ ಕನ್ನಡ ಶಾಲೆಯ ಮೂವತ್ತೆಂಟು ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆವು. ಡಿಸೆಂಬರನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಸಂಕ್ರಾಂತಿ ಕಳೆಯಿತೆಂದರೆ ಮಕ್ಕಳಲ್ಲಿ ಕಾಲುಭಾಗ ತಂದೆತಾಯಿಯರೊಡನೆ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೊರಡುತ್ತದೆ.

ಆಲೂರು ದಾಟಿ, ಹಗರಿ ನದಿಯ ಸೇತುವೆಯನ್ನು ಕಳೆದು ಬಳ್ಳಾರಿ ಸೇರುತ್ತಲೇ ಬಸ್ಸಿನಲ್ಲಿ ಗದ್ದಲವೆದ್ದಿತು. ಮಕ್ಕಳು ಅಂಗಡಿಗಳ ಹಲಗೆಗಳನ್ನೆಲ್ಲ ಒಕ್ಕೊರಲಿನಿಂದ ಓದತೊಡಗಿದ್ದರು. ಕಿರಾಣಿ ಅಂಗಡಿ, ಔಷಧಾಲಯ, ಪಂಕ್ಚರ್ ಅಂಗಡಿ, ಒಂದನ್ನೂ ಬಿಡಲಿಲ್ಲ. ಪಠ್ಯಪುಸ್ತಕದಲ್ಲಿ ಮಾತ್ರ ಕಂಡ ಅಕ್ಷರಗಳು ಬೀದಿಯುದ್ದಕ್ಕೂ ನಿಂತಿದ್ದುದು ಅವರಿಗೆ ಸೋಜಿಗವಾಯಿತು. 1953ರವರೆಗೆ ಆದವಾನಿ, ಆಲೂರುಗಳು ಇದೇ ಬಳ್ಳಾರಿ ಜಿಲ್ಲೆಗೆ ಸೇರಿದ್ದವೆಂದು ಹೇಳಿದೆ; ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

1336ರಲ್ಲಿ ಸ್ಥಾಪಿತವಾಗಿ, 1565ರ ರಕ್ಕಸಗಿ-ತಂಗಡಗಿ ಯುದ್ಧದ ತರುವಾಯ ಪಾಳುಬಿದ್ದ ವಿಜಯನಗರದ ಕಥೆ ವಾಚಕರಿಗೆ ವಿದಿತವೇ. ಅರಸುಮನೆತನ ಪೆನುಗೊಂಡೆಗೆ ಹೋಯಿತು. ನಮ್ಮ ಆದವಾನಿಯ ದುರ್ಗವೂ 1568ರಲ್ಲಿ ಬಿಜಾಪುರದ ಸುಲ್ತಾನನ ವಶವಾಯಿತು. ರಾಜಧಾನಿಗಳಿಗೆ ಈ ಗತಿ ನಮ್ಮಲ್ಲಿ ಮಾತ್ರ ಒದಗಿದ್ದಲ್ಲ. ಹಂಪೆಯ ಹುಟ್ಟಿಗಿಂತ ಹದಿನೈದು ವರ್ಷ ತಡವಾಗಿ ಸಯಾಮ್ ದೇಶದಲ್ಲಿ ತಲೆಯೆತ್ತಿದ ಅಯುತ್ಥಯ, ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತ ನಗರ, 1767ರಲ್ಲಿ ಬರ್ಮದ ಸೈನ್ಯದಿಂದ ಸುಟ್ಟುಹೋಯಿತು. ಅಲ್ಲಿಯ ಅರಸರೂ ಮರಳಿ ಅಲ್ಲಿ ನೆಲಸದೆ ನದಿಯ ಕೆಳಭಾಗದಲ್ಲಿ ಹೊಸ ರಾಜಧಾನಿಯನ್ನು ಕಟ್ಟಿಕೊಂಡರು.

ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಶಾಸನದ ಮುಂದೆ ಮಕ್ಕಳನ್ನು ನಿಲ್ಲಿಸಿದೆ. ವಿಠ್ಠಲ ದೇವಾಲಯದಲ್ಲಿ ಒಬ್ಬ ಬಾಲಕನು ಐವತ್ತರ ನೋಟನ್ನು ತೆಗೆದು ಕಲ್ಲಿನ ರಥದೊಡನೆ ತಾಳೆ ನೋಡಿದನು. ಚಕ್ರಗಳ ಲೆಕ್ಕ ಸರಿಹೋದ ಮೇಲೆಯೇ ಅವನಿಗೆ ಸಮಾಧಾನ. ಕಮಲ ಮಹಲು, ಆನೆಲಾಯಗಳನ್ನು ಅವಸರದಲ್ಲಿ ನೋಡಿದೆವು. ಪ್ರವಾಸದಲ್ಲಿ ಮಕ್ಕಳಿಗೆ ಎಲ್ಲವನ್ನೂ ತೋರಿಸಬೇಕೆಂಬ ನಮ್ಮ ಉಪಾಧ್ಯಾಯರ ಚಾಪಲ್ಯ ದೊಡ್ಡದು. ನಾನೂ ಅದಕ್ಕೆ ಹೊರತಲ್ಲ.

ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ನೀರು. ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಕೊಳವಿದೆ. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂಬ ಗುರುತನ್ನು ಕಲ್ಲುಕುಟಿಗರು ಅದರ ಮೇಲೆಯೇ ಕೊರೆದಿದ್ದಾರೆ. ಕಲ್ಲುಕಂಬಗಳ ಮೇಲೆ ಕೂರಿಸಿದ ಕಲ್ಲಿನ ದೋಣಿಗಳು ಒಂದಕ್ಕೊಂದು ಸೇರಿ ನೀರನ್ನು ಆವರಣದೊಳಕ್ಕೆ ತರುತ್ತಿದ್ದವು. ಇವು ಈಗ ಒಣಗಿವೆ. ಆದರೆ ಬಡವಿಲಿಂಗದ ಗುಡಿಯೊಳಗೆ ಲಿಂಗದ ಪೀಠವನ್ನು ಮುಚ್ಚಿ ನೀರು ನಿಂತಿತ್ತು. ಅದು ಕಾಲುವೆಯ ನೀರು. ತುರ್ತು ಕಾಲುವೆಯೆಂದು ಅದರ ಹೆಸರು. ತುಂಗಭದ್ರೆಗೆ ಅರಸರು ಕಟ್ಟಿಸಿದ ಒಡ್ಡಿನಿಂದ ಹೊರಟು, ಬಂಡೆಗಳ ನಡುವಿನ ಕಣಿವೆಯಲ್ಲಿ ಹರಿದು, ಬಾಳೆ, ಕಬ್ಬು, ಭತ್ತಗಳಿಗೆ ಅದು ಇಂದಿಗೂ ನೀರೂಡುತ್ತಿದೆ.

ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಏಳನೆಯ ತರಗತಿಯ ಹುಡುಗಿಯೊಬ್ಬಳು ರೊಟ್ಟಿಯನ್ನು ಕೈಯಲ್ಲೇ ಹಿಡಿದು ನೀರನ್ನು ನೋಡುತ್ತಿದ್ದಳು.

"ಸಾರ್, ರಾಜರು ಹೋದ ಮ್ಯಾಲೂ ಇದು ನಿಂತಿಲ್ಲೇನ್ರಿ?"

"ಇಲ್ಲಮ್ಮ. ರೈತರು ಹೂಳು ತೆಗೆಯುತ್ತ, ಒಡ್ಡು ಸರಿಪಡಿಸುತ್ತ ಉಳಿಸಿಕೊಂಡಿದ್ದಾರೆ."

"ನಮ್ಮ ಕಾಲುವಿಗೂ ಇದೇ ಹೊಳಿ ನೀರೇನ್ರಿ?"

ಹೌದೆಂದೆ. 1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟು ಹಂಪೆಗೆ ಸಮೀಪದಲ್ಲೇ ಇದೆ. ಅಲ್ಲಿಂದ ಹೊರಡುವ ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯನ್ನು ಹಾದು, ಗಡಿಯನ್ನು ದಾಟಿ ನಮ್ಮ ಹೊಲಗಳ ಕಡೆಗೆ ಬರುತ್ತದೆ.

"ಮತ್ತ ನಮ್ಮ ಹೊಲಕ್ಕ ಯಾಕ ಮುಟ್ಟಂಗಿಲ್ರಿ?"

ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದವನು ನಾನು. ಜಲಾಶಯದಲ್ಲಿ ಹೂಳು ತುಂಬಿ ನೀರಿನ ಸಂಗ್ರಹ ಕುಗ್ಗಿದುದು, ಮೇಲಿನವರೇ ಹೆಚ್ಚು ತೆಗೆದುಕೊಂಡರೆ ಕಾಲುವೆಯ ಕೊನೆಯ ಹೊಲಗಳಿಗೆ ಪಾಲು ಉಳಿಯದಿರುವುದು, 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿ ನೀರು ಪೋಲಾದುದು, ಎಲ್ಲವನ್ನೂ ವಿವರಿಸಿದೆ. ಆಕೆಯ ತಂದೆಗೆ ಮೂರು ಎಕರೆ ಹೊಲವಿದೆ, ಅದು ಕಾಲುವೆಯ ಕೊನೆಯಲ್ಲಿದೆ ಎಂಬುದು ನನಗೆ ಗೊತ್ತಿತ್ತು. ನೀರು ಬಂದ ವರ್ಷ ಆ ಕುಟುಂಬ ಊರಲ್ಲೇ ಉಳಿಯುತ್ತದೆ. ಆಕೆ ನನ್ನ ವಿವರಣೆಯನ್ನು ಕೊನೆಯವರೆಗೂ ಕೇಳಿ, ಎದ್ದು ಹೋಗಿ ಕಾಲುವೆಯ ಅಗಲವನ್ನು ಕಣ್ಣಂದಾಜಿನಿಂದ ಅಳೆದು ಪುಸ್ತಕದಲ್ಲಿ ಬರೆದುಕೊಂಡಳು.

ಸಂಕ್ರಾಂತಿಯ ಮರುವಾರ ಅವರು ಗುಂಟೂರಿಗೆ ಹೊರಟರು. ಹುಡುಗಿಯನ್ನು ಅಜ್ಜಿಯ ಬಳಿ ಬಿಟ್ಟುಹೋಗಿರೆಂದು ಎರಡು ಸಲ ಮನೆಗೆ ಹೋಗಿ ಕೇಳಿದೆ. ಚಿಕ್ಕ ತಮ್ಮನನ್ನು ಎತ್ತಿಕೊಳ್ಳುವವರು ಬೇಕಲ್ಲ ಎಂದರು. ಹೊರಡುವ ಮುನ್ನ ಆಕೆ ಶಾಲೆಗೆ ಬಂದು ಪ್ರವಾಸದ ಪ್ರಬಂಧವನ್ನು ಕೊಟ್ಟುಹೋದಳು. ಎರಡೂವರೆ ಪುಟ. ಕಲ್ಲಿನ ರಥಕ್ಕೆ ಒಂದು ವಾಕ್ಯ, ವಿರೂಪಾಕ್ಷನಿಗೆ ಎರಡು, ಉಳಿದುದೆಲ್ಲ ಕಾಲುವೆ. ಪರೀಕ್ಷೆಯ ಹೊತ್ತಿಗೆ ಬರುವೆನೆಂದು ಹೇಳಿದ್ದಾಳೆ. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರನ್ನು ಹೊಡೆದುಹಾಕಿಲ್ಲ.