ಬೆಚ್ಚಗಿನ ಮಳೆ ಬಂದರೆ ಹಿಮ ಯಾಕೆ ಕುಸಿಯುತ್ತೆ?



ನಾನು ಹಿಮವನ್ನು ಕಣ್ಣಾರೆ ನೋಡಿಲ್ಲ. ನೀವೂ ನೋಡಿರಲಿಕ್ಕಿಲ್ಲ. ಹಿಮಕುಸಿತ ಅಂದರೆ ಬೆಟ್ಟದ ಇಳಿಜಾರಿನಲ್ಲಿ ಕೂತ ಹಿಮದ ರಾಶಿ ಒಮ್ಮೆಲೇ ಜಾರಿ ಕೆಳಗೆ ಬರುವುದು. ಇದು ಕೊರೆಯುವ ಚಳಿಯಲ್ಲಿ ಮಾತ್ರ ಆಗೋದಲ್ಲ, ಚಳಿ ಕಡಿಮೆಯಾಗಿ ಮಳೆ ಬರುವಾಗಲೂ ಆಗುತ್ತೆ. ಹೇಗೆ ಅಂತ ಹೇಳುತ್ತೇನೆ.

ಅಮೆರಿಕದ ಪಶ್ಚಿಮದಲ್ಲಿ, ಪೆಸಿಫಿಕ್ ಸಾಗರದ ಹತ್ತಿರ ಕ್ಯಾಸ್ಕೇಡ್ ಪರ್ವತಗಳಿವೆ. ಸಮುದ್ರದ ತೇವಗಾಳಿ ಬೆಟ್ಟಕ್ಕೆ ಬಡಿದು, ಮೇಲೇರಿ ತಣ್ಣಗಾಗುತ್ತೆ. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಇದರಿಂದಲೇ ಮಳೆ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತೆ. ಸಮುದ್ರ ಹತ್ತಿರ ಇರೋದರಿಂದ ಅಲ್ಲಿ ಬಹಳ ಸಲ ಉಷ್ಣತೆ 0 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತೆ. ಸ್ವಲ್ಪ ಬೆಚ್ಚಗಿನ ಗಾಳಿ ಬೀಸಿದರೂ ಸಾಕು, ಹಿಮದ ಬದಲು ಮಳೆ ಸುರಿಯುತ್ತೆ. ವಸಂತ ಹತ್ತಿರವಾದಂತೆ ಇದು ಹೆಚ್ಚು.

ಹಿಮದ ಮೇಲೆ ಮಳೆ ಬಿದ್ದಾಗ ಮೂರು ಕೆಲಸ ನಡೆಯುತ್ತವೆ.

1. ಭಾರ: ಒಣ ಕಂಬಳಿ ಹಗುರ, ನೆನೆದ ಕಂಬಳಿ ಎತ್ತೋಕೇ ಆಗಲ್ಲ. ಹಿಮವೂ ನೀರು ಹೀರಿ ಹಾಗೇ ಭಾರವಾಗುತ್ತೆ.

2. ಹಿಡಿತ: ಹಿಮದ ಕಣಗಳು ಬೆಲ್ಲದಚ್ಚಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀರು ಇಳಿದರೆ ಅಂಟು ಬಿಡುತ್ತೆ.

3. ಜಾರಿಕೆ: ಹಿಮ ಪದರ ಪದರವಾಗಿರುತ್ತೆ. ನೀರು ಒಳಗಿನ ಗಟ್ಟಿ ಪದರದ ಮೇಲೆ ನಿಂತರೆ ಅದು ಪಾಚಿ ಕಟ್ಟಿದ ಕಲ್ಲಿನಂತಾಗುತ್ತೆ. ಮೇಲಿನದು ಜಾರುತ್ತೆ.

ನಿಮ್ಮ ಕೋನಮಾಪಕ ತೆಗೆದು 30ರಿಂದ 45 ಡಿಗ್ರಿ ನೋಡಿ. ಹೆಚ್ಚಿನ ಹಿಮಕುಸಿತ ಅಷ್ಟು ಇಳಿಜಾರಿನಲ್ಲೇ ಆಗೋದು. ಅದಕ್ಕಿಂತ ಕಡಿಮೆಯಿದ್ದರೆ ಹಿಮ ಸುಲಭವಾಗಿ ಜಾರಲ್ಲ. ತೀರಾ ಕಡಿದಾಗಿದ್ದರೆ ಅಲ್ಲಿ ಹೆಚ್ಚು ಹಿಮ ನಿಲ್ಲೋದೇ ಇಲ್ಲ.

ಈ ಪರ್ವತಗಳಲ್ಲೇ, ವಾಷಿಂಗ್ಟನ್ ರಾಜ್ಯದಲ್ಲಿ, ವೆಲಿಂಗ್ಟನ್ ಎಂಬ ಪುಟ್ಟ ರೈಲ್ವೆ ಊರಿತ್ತು. 1910ರ ಫೆಬ್ರವರಿ ಕೊನೆಯಲ್ಲಿ ಅಲ್ಲಿ ದಿನಗಟ್ಟಲೆ ಹಿಮ ಬಿತ್ತು. ಒಂದು ಪ್ಯಾಸೆಂಜರ್ ರೈಲು, ಒಂದು ಟಪಾಲು ರೈಲು ಮುಂದೆ ಹೋಗಲಾರದೆ ಇಳಿಜಾರಿನ ಕೆಳಗೇ ನಿಂತವು. ಮೇಲಿನ ಗುಡ್ಡದ ಕಾಡು ಮೊದಲೇ ಬೆಂಕಿಗೆ ಸುಟ್ಟುಹೋಗಿತ್ತು. ಹಿಮವನ್ನು ತಡೆಯೋಕೆ ಸಾಕಷ್ಟು ಮರಗಳಿರಲಿಲ್ಲ. ಕೆಲವರು ಹಿಮದಲ್ಲೇ ನಡೆದು ಕೆಳಗಿನ ಊರು ಸೇರಿ ಬದುಕಿಕೊಂಡರು. ಉಳಿದವರಲ್ಲಿ ಹಲವರು ಬೋಗಿಗಳಲ್ಲೇ ಮಲಗಿದರು. ಆಮೇಲೆ ಹಿಮ ನಿಂತು ಮಳೆ ಶುರುವಾಯಿತು. ಮಾರ್ಚ್ 1ರಂದು ನಡುರಾತ್ರಿ ಕಳೆದ ಮೇಲೆ, ಗುಡುಗು ಮಿಂಚಿನ ನಡುವೆ ಹಿಮ ಕುಸಿದು ಎರಡೂ ರೈಲುಗಳನ್ನು ಕಣಿವೆಗೆ ತಳ್ಳಿತು. 96 ಜನ ಸತ್ತರು. ಅಮೆರಿಕದಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಹಿಮಕುಸಿತ ಅದೇ.

1929ರಲ್ಲಿ ಅಲ್ಲಿ ಸುಮಾರು 12.5 ಕಿಲೋಮೀಟರ್ ಉದ್ದದ ಹೊಸ ಸುರಂಗ ಮಾಡಿ, ರೈಲು ದಾರಿಯನ್ನೇ ಬದಲಿಸಿದರು. ಈಗ ಅಲ್ಲಿನ ಹೆದ್ದಾರಿಯಲ್ಲಿ ಅಪಾಯ ಕಂಡರೆ ವಾಹನ ನಿಲ್ಲಿಸಿ, ಸಿಡಿಮದ್ದಿನಿಂದ ಹಿಮವನ್ನು ಮೊದಲೇ ಬೀಳಿಸುತ್ತಾರೆ.

ಅಂಥ ಬೆಟ್ಟಕ್ಕೆ ಹೋದವರು ನೆನಪಿಡಬೇಕಾದ್ದು ಇಷ್ಟು: ಹೊಸ ಹಿಮದ ಮೇಲೆ ಮಳೆ ಬಿದ್ದರೆ, ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳಿದರೆ, ಅದರ ಕೆಳಗೆ ನಿಲ್ಲಬಾರದು, ಮಲಗಲೂಬಾರದು. ಚಳಿ ಹೋಯಿತು ಅಂತ ನಿರಾಳ ಆಗೋ ಹೊತ್ತೇ ಅಲ್ಲಿ ಎಚ್ಚರದ ಹೊತ್ತು.

– 7ನೇ ತರಗತಿ ವಿದ್ಯಾರ್ಥಿನಿ