ಅಕೇಶಿಯಾ ಬೆಳೆದ ಗುಡ್ಡದ ಮಣ್ಣು ಹುಳಿಯಾಗುವುದೇಕೆ?

ಉತ್ತರ ಕನ್ನಡದ ಬೋಳು ಗುಡ್ಡಗಳಿಗೆ ಹಸಿರು ಹೊದಿಸಲು 1980ರ ದಶಕದಲ್ಲಿ ಹೇರಳವಾಗಿ ನೆಟ್ಟ ಮರ ಅಕೇಶಿಯಾ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಮೂಲದ ಇದು ಚಿರೆಕಲ್ಲಿನ ನೆಲದಲ್ಲೂ ಬೇಗ ಬೆಳೆಯುತ್ತದೆ. ಬೀಜದಿಂದ ತಾನಾಗಿಯೇ ಹಬ್ಬುತ್ತದೆ. ಹಬ್ಬಿದಲ್ಲಿ ಮಣ್ಣಿನ ಗುಣವನ್ನೂ ಬದಲಿಸುತ್ತದೆ.

ಬೇರಿನ ಕೆಲಸ

ಅಕೇಶಿಯಾದ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತವೆ. ಬರಡು ನೆಲಕ್ಕೆ ಇದು ಉಪಕಾರವೇ. ಆದರೆ ವರ್ಷಗಟ್ಟಲೆ ಸೇರಿದ ಸಾರಜನಕವನ್ನು ಮಣ್ಣಿನ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿಸುವಾಗ ಆಮ್ಲ ಹುಟ್ಟುತ್ತದೆ. ಗಿಡಗಳು ಹೀರಿ ಉಳಿದ ನೈಟ್ರೇಟ್ ಮಳೆನೀರಿನೊಂದಿಗೆ ಇಳಿದುಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನೂ ಒಯ್ಯುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ ಕಾರವಾರ, ಅಂಕೋಲೆಯಂಥ ಕಡೆ ಈ ನಷ್ಟ ಸಣ್ಣದಲ್ಲ.

ಇಲ್ಲಿನ ಕೆಂಪು ಮಣ್ಣು ಮೊದಲೇ ಹುಳಿ. ರಸಸಾರ (pH) 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗತೊಡಗಿ ಬೇರಿನ ತುದಿಯನ್ನು ಕುಂಠಿಸುತ್ತದೆ. ರಂಜಕ ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿಕೊಂಡು ಗಿಡಕ್ಕೆ ದಕ್ಕುವುದಿಲ್ಲ.

ಕರಗದ ದರಕು

ಅಕೇಶಿಯಾದ ಎಲೆ ನಿಜವಾದ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ಲಿಗ್ನಿನ್, ಟ್ಯಾನಿನ್ ತುಂಬಿದ ಈ ದಪ್ಪ ದರಕು (ಉದುರಿದ ಒಣ ಎಲೆ) ಬೇಗ ಕೊಳೆಯುವುದಿಲ್ಲ. ಟ್ಯಾನಿನ್ ಪ್ರೋಟೀನನ್ನು ಬಿಗಿಹಿಡಿಯುವುದರಿಂದ ಸೂಕ್ಷ್ಮಜೀವಿಗಳಿಗೆ ಆಹಾರ ಸುಲಭವಾಗಿ ಸಿಗದು. ಹುಳಿ ಮಣ್ಣಿನಲ್ಲಿ ಹಲವು ಬ್ಯಾಕ್ಟೀರಿಯಾಗಳು ಹಿಂದೆ ಸರಿದು, ಹುಳಿ ತಾಳುವ ಶಿಲೀಂಧ್ರಗಳದ್ದೇ ಮೇಲುಗೈಯಾಗುತ್ತದೆ. ದರಕಿನ ದಪ್ಪ ಪದರ ನಾಡಮರಗಳ ಬೀಜ ಮಣ್ಣು ಮುಟ್ಟದಂತೆ ತಡೆಯುತ್ತದೆ. ಬೇಸಿಗೆಯಲ್ಲಿ ಬೆಂಕಿಗೂ ಮೇವಾಗುತ್ತದೆ.

ಏನು ಮಾಡಬಹುದು?

ಕಾರವಾರ ಬಳಿಯ ಕದ್ವಾಡದ ಗುಡ್ಡವಿರಲಿ, ಅಂಕೋಲೆಯ ಬೇಣ (ಹುಲ್ಲುಗಾವಲು) ಇರಲಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಒಂದೇ ಜಾತಿಯ ಮರದಡಿಯೂ ಬದಲಾವಣೆ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಆಗಿರುವುದಿಲ್ಲ. ಸುಣ್ಣ ಹಾಕುವುದಿದ್ದರೆ ವರದಿ ನೋಡಿಯೇ ಹಾಕಿ.

ಇಳಿಜಾರಿನಲ್ಲಿ ಎಲ್ಲ ಮರಗಳನ್ನು ಒಮ್ಮೆಲೇ ಕಡಿಯಬೇಡಿ: ಮಣ್ಣು ಕೊಚ್ಚಿಹೋಗುತ್ತದೆ, ಬಿಸಿಲು ಬಿದ್ದೊಡನೆ ನೆಲದಲ್ಲಿ ಅಡಗಿದ ಅಕೇಶಿಯಾ ಬೀಜಗಳು ಮೊಳೆಯುತ್ತವೆ. ಬೆಂಕಿಯನ್ನಂತೂ ಹಾಕಲೇಬಾರದು, ಕಾವು ತಗುಲಿದರೆ ಆ ಬೀಜಗಳ ಗಟ್ಟಿ ಸಿಪ್ಪೆ ಸಡಿಲವಾಗಿ ಮೊಳಕೆ ಹೆಚ್ಚುತ್ತದೆ. ಸ್ವಂತ ಜಾಗವಾದರೆ ಅನುಮತಿ ಬೇಕಿದ್ದರೆ ಪಡೆದು ಹಂತ ಹಂತವಾಗಿ ತೆಳುಗೊಳಿಸಿ, ನಡುವೆ ಮತ್ತಿ, ಹೊನ್ನೆ, ನೇರಳೆ, ಮುರುಗಲು ನೆಡಿ. ಎಳೆಯ ಅಕೇಶಿಯಾ ಸಸಿಗಳನ್ನು ಮಳೆಗಾಲದಲ್ಲೇ ಕೀಳಿ. ದರಕನ್ನು ಚೂರು ಮಾಡಿ, ಸಗಣಿ ಮತ್ತು ಹಸಿಸೊಪ್ಪಿನೊಂದಿಗೆ ಬೆರೆಸಿದರೆ ಗೊಬ್ಬರವಾಗುತ್ತದೆ.

ಬಗೆಬಗೆಯ ಎಲೆ ಬಿದ್ದ ನೆಲದಲ್ಲಿ ಬಗೆಬಗೆಯ ಸೂಕ್ಷ್ಮಜೀವಿಗಳು ಬದುಕುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಸಸಿ ನೆಡುವವರು ಒಂದೇ ಜಾತಿಯನ್ನು ನೆಡಬೇಡಿ. ಹತ್ತಾರು ನಾಡಜಾತಿಗಳನ್ನು ಬೆರೆಸಿ ನೆಡಿ.