ರಕ್ತದ ಆಕರಕೋಶಗಳಲ್ಲಿ ವಂಶವಾಹಿಗಳ ನಿಯಮನ: ಪರಿಭಾಷೆಯ ನೆಲೆಯಿಂದ

ಜೀವವಿಜ್ಞಾನವು ತನ್ನ ಪರಿಭಾಷೆಯ ಬಹುಭಾಗವನ್ನು ಭಾಷೆ ಮತ್ತು ಗ್ರಂಥಗಳ ಲೋಕದಿಂದ ಪಡೆದುಕೊಂಡಿದೆ. ಡಿಎನ್‌ಎಯ ನಾಲ್ಕು ಘಟಕಗಳು ಅಕ್ಷರಗಳೆನಿಸಿಕೊಂಡಿವೆ. ಅದರಿಂದ ಆರ್‌ಎನ್‌ಎ ರೂಪುಗೊಳ್ಳುವುದು ಪ್ರತಿಲೇಖನ, ಆರ್‌ಎನ್‌ಎಯನ್ನು ಅನುಸರಿಸಿ ಪ್ರೋಟೀನು ಸಿದ್ಧವಾಗುವುದು ಅನುವಾದ. ಸಾಹಿತ್ಯದ ವಿದ್ಯಾರ್ಥಿಗೆ ಈ ಪದಗಳು ವಿಷಯಪ್ರವೇಶವನ್ನು ಸುಲಭಗೊಳಿಸುತ್ತವೆ, ಅಷ್ಟೇ ಸುಲಭವಾಗಿ ದಾರಿ ತಪ್ಪಿಸುತ್ತವೆ. ರಕ್ತವನ್ನು ಉತ್ಪಾದಿಸುವ ಕೋಶಗಳ ವಿಚಾರದಲ್ಲಿ ಇವೆರಡನ್ನೂ ಗಮನಿಸಬಹುದು.

ವಯಸ್ಕರ ಅಸ್ಥಿಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಇವುಗಳ ಮೂಲವನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಕೆನಡಾದ ಟೊರಾಂಟೊ ನಗರದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್. ವಿಕಿರಣದಿಂದ ಮಜ್ಜೆ ನಾಶವಾದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು ಕೊಟ್ಟಾಗ ಅವುಗಳ ಗುಲ್ಮದಲ್ಲಿ ಸಣ್ಣ ಗಂಟುಗಳು ಕಾಣಿಸಿಕೊಂಡುದನ್ನು ಅವರು 1961ರಲ್ಲಿ ವರದಿ ಮಾಡಿದರು. ಪ್ರತಿಯೊಂದು ಗಂಟೂ ಒಂದೇ ಕೋಶದ ಸಂತತಿಯೆಂಬುದು 1963ರಲ್ಲಿ ಸ್ಥಾಪಿತವಾಯಿತು. ಇಂಥ ಕೋಶಕ್ಕೆ ಕನ್ನಡದಲ್ಲಿ ಕಾಂಡಕೋಶ, ಆಕರಕೋಶ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಮೊದಲನೆಯದು ಇಂಗ್ಲಿಷಿನ ಪದಶಃ ಅನುವಾದವಾದರೆ ಎರಡನೆಯದು ಕೋಶದ ಕೆಲಸವನ್ನೇ ಹೇಳುತ್ತದೆ.

ಆಕರಕೋಶದಲ್ಲಿಯೂ ಅದರಿಂದ ಹುಟ್ಟುವ ಬಿಳಿಯ ಕಣಗಳಲ್ಲಿಯೂ ಇರುವ ಪಠ್ಯ ಬಹುಮಟ್ಟಿಗೆ ಒಂದೇ. (ರೋಗನಿರೋಧಕ ಲಿಂಫೋಸೈಟುಗಳು ತಮ್ಮ ಪಠ್ಯದ ಒಂದು ಭಾಗವನ್ನು ಕತ್ತರಿಸಿ ಮರುಜೋಡಿಸಿಕೊಳ್ಳುತ್ತವೆ; ಪಕ್ವವಾದ ಕೆಂಪು ಕಣವಂತೂ ಕೋಶಕೇಂದ್ರವನ್ನೇ ಹೊರಹಾಕಿರುತ್ತದೆ.) ಹೀಗಿರುವಾಗ ಭೇದ ಹುಟ್ಟುವುದು ಯಾವ ವಂಶವಾಹಿ ಎಲ್ಲಿ, ಎಷ್ಟು ಓದಲ್ಪಡುತ್ತದೆ ಎಂಬುದರಿಂದ. ಈ ಓದನ್ನು ನಿರ್ಧರಿಸುವ ಪ್ರೋಟೀನುಗಳಲ್ಲಿ ಗಾಟಾ-1 ಕೆಂಪು ಕಣದ ದಿಕ್ಕಿಗೂ, ಪಿಯು-1 ಕೆಲವು ಬಗೆಯ ಬಿಳಿಯ ಕಣಗಳ ದಿಕ್ಕಿಗೂ ಒಲಿದಿರುವಂಥವು, ಪರಸ್ಪರರನ್ನು ತಡೆಯುವಂಥವು. ಇವುಗಳ ಪ್ರಮಾಣದಲ್ಲಿ ಆಕಸ್ಮಿಕವಾಗಿ ಆಗುವ ಏರಿಳಿತವೇ ಕೋಶದ ದಾರಿಯನ್ನು ತೀರ್ಮಾನಿಸುತ್ತದೆಂಬ ವಿವರಣೆ ಬಹುಕಾಲ ಮಾನ್ಯವಾಗಿತ್ತು. ಆದರೆ ಜೀವಂತ ಕೋಶಗಳನ್ನು ತಲೆಮಾರುಗಳ ಉದ್ದಕ್ಕೂ ಗಮನಿಸಿದ 2016ರ ಅಧ್ಯಯನವೊಂದು ಇದನ್ನು ಒಪ್ಪಲಿಲ್ಲ: ಆಯ್ಕೆಯನ್ನು ಆರಂಭಿಸುವುದು ಈ ಪೈಪೋಟಿಯಲ್ಲ, ಈ ಪ್ರೋಟೀನುಗಳು ಆಗಲೇ ಆದ ಆಯ್ಕೆಯನ್ನು ಗಟ್ಟಿಗೊಳಿಸುತ್ತಿರಬಹುದು.

ಈ ವ್ಯವಸ್ಥೆಯನ್ನು ಕನ್ನಡದಲ್ಲಿ ಸಾಮಾನ್ಯವಾಗಿ ನಿಯಂತ್ರಣ ಎನ್ನಲಾಗುತ್ತದೆ. ಬೆಲೆ ನಿಯಂತ್ರಣ, ಜನಸಂಖ್ಯಾ ನಿಯಂತ್ರಣಗಳಿಗೆ ಒಗ್ಗಿದ ಕಿವಿಗೆ ಈ ಪದ ತಡೆಯುವಿಕೆಯನ್ನೇ ಸೂಚಿಸುತ್ತದೆ. ಇಲ್ಲಿ ತಡೆ ಎಷ್ಟೋ ಪ್ರೇರಣೆಯೂ ಅಷ್ಟೇ. ಆದುದರಿಂದ ನಿಯಮನ ಎಂಬ ರೂಪ ಹೆಚ್ಚು ಸಮರ್ಪಕ.

ಕುಡುಗೋಲುಕೋಶ ರಕ್ತಹೀನತೆಯ ಚಿಕಿತ್ಸೆಯಲ್ಲಿ ಈ ವ್ಯತ್ಯಾಸ ಕೇವಲ ಪದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯ ವಂಶವಾಹಿಯಲ್ಲಿ ಒಂದೇ ಅಕ್ಷರ ಪಲ್ಲಟವಾಗಿ, ಗ್ಲುಟಾಮಿಕ್ ಆಮ್ಲ ಇರಬೇಕಾದ ಸ್ಥಾನಕ್ಕೆ ವ್ಯಾಲೀನ್ ಬರುವುದರಿಂದ ಈ ರೋಗ ಉಂಟಾಗುತ್ತದೆ. ಗ್ರಂಥಸಂಪಾದಕನಾದರೆ ದೋಷವಿರುವ ಅಕ್ಷರವನ್ನೇ ತಿದ್ದುತ್ತಿದ್ದನು. 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾಸ್ಜೆವಿ ಎಂಬ ಚಿಕಿತ್ಸೆ ಆ ಅಕ್ಷರವನ್ನು ಮುಟ್ಟುವುದೇ ಇಲ್ಲ. ಗರ್ಭಸ್ಥ ಶಿಶುವಿನಲ್ಲಿ ಬೀಟಾ ಬದಲು ಗಾಮಾ ಸರಪಣಿಯಿರುವ ಹಿಮೋಗ್ಲೋಬಿನ್ ಇರುತ್ತದೆ. ಜನನದ ನಂತರದ ತಿಂಗಳುಗಳಲ್ಲಿ ಅದರ ಓದು ಬಹುಮಟ್ಟಿಗೆ ನಿಲ್ಲುತ್ತದೆ. ನಿಲ್ಲಿಸುವುದರಲ್ಲಿ ಬಿಸಿಎಲ್11ಎ ಎಂಬ ಪ್ರೋಟೀನಿನ ಪಾತ್ರವಿರುವುದು 2008ರಲ್ಲಿ ತಿಳಿದುಬಂದಿತು. ಆದರೆ ಈ ಪ್ರೋಟೀನು ಇತರ ಕೋಶಗಳಿಗೆ, ಸ್ವತಃ ಆಕರಕೋಶಕ್ಕೂ ಅವಶ್ಯಕವಾದುದರಿಂದ ಅದನ್ನು ಪೂರ್ತಿ ಅಳಿಸುವಂತಿಲ್ಲ. ಕೆಂಪು ಕಣದ ಸಂತತಿಯಲ್ಲಿ ಮಾತ್ರ ಅದರ ತಯಾರಿಕೆಯನ್ನು ಹೆಚ್ಚಿಸುವ ಡಿಎನ್‌ಎ ಭಾಗವೊಂದು 2013ರಲ್ಲಿ ಗುರುತಾಯಿತು. ರೋಗಿಯ ಆಕರಕೋಶಗಳನ್ನು ಹೊರತೆಗೆದು, ಆ ಭಾಗದಲ್ಲಿ ಗಾಟಾ-1 ಅಂಟಿಕೊಳ್ಳುವ ತಾಣವನ್ನು ಕತ್ತರಿಸಿ ಕೆಡಿಸಿ, ಮರಳಿ ದೇಹಕ್ಕೆ ಸೇರಿಸಲಾಗುತ್ತದೆ. ದೋಷವಿರುವ ಸಾಲು ಹಾಗೆಯೇ ಉಳಿದು, ಓದದೆ ಬಿಟ್ಟಿದ್ದ ಬೇರೊಂದು ಸಾಲು ಮತ್ತೆ ಓದಿಗೆ ಬರುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ ಮಾತ್ರ. ಆದಕಾರಣ ಬದಲಾವಣೆ ಆಕರದಲ್ಲಿಯೇ ಆಗಬೇಕು.

ಭಾರತದಲ್ಲಿ ಕುಡುಗೋಲುಕೋಶವನ್ನು 1952ರಲ್ಲಿ ಮೊದಲು ಗುರುತಿಸಿದ್ದು ನೀಲಗಿರಿಯ ಆದಿವಾಸಿಗಳಲ್ಲಿ. ಮೈಸೂರು, ಚಾಮರಾಜನಗರ, ಕೊಡಗು ಭಾಗದ ಆದಿವಾಸಿ ಸಮುದಾಯಗಳಲ್ಲಿಯೂ ಅದು ಇದೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮದ ವ್ಯಾಪ್ತಿಗೆ ಕರ್ನಾಟಕವೂ ಸೇರಿದೆ. ತಪಾಸಣೆಯ ಫಲಿತಾಂಶವನ್ನು ಕನ್ನಡದಲ್ಲಿ ಹೇಳಬೇಕಾದಾಗ ಪರಿಭಾಷೆಯ ತೊಡಕು ಎದುರಾಗುತ್ತದೆ. ಜೀನಿಗೆ ವಂಶವಾಹಿ ಎನ್ನುತ್ತೇವೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ದೋಷದ ಪ್ರತಿ ಪಡೆದು, ಸಾಮಾನ್ಯವಾಗಿ ಆರೋಗ್ಯದಿಂದಿರುವ ವ್ಯಕ್ತಿಗೆ ವಾಹಕ ಎನ್ನುತ್ತೇವೆ. ಎರಡೂ ಒಂದೇ ಧಾತುವಿನಿಂದ ಬಂದ ಪದಗಳು. ಮದುವೆಯ ವಯಸ್ಸಿನ ಹುಡುಗಿಯೊಬ್ಬಳು ವಾಹಕಳೆಂದು ಕೇಳಿದ ಮನೆಯವರಿಗೆ ಕೇಳಿಸುವುದು ರೋಗವನ್ನು ಹೊತ್ತವಳು ಎಂದೇ; ಮೊದಲ ಪದದಲ್ಲಿರುವ ವಂಶವೂ ಜೊತೆಗೂಡಿದರೆ ಅದು ಇಡೀ ಮನೆತನದ ಮೇಲಿನ ಆರೋಪವಾಗುತ್ತದೆ. ಅವಳಲ್ಲಿರುವುದು ಒಂದೇ ವಂಶವಾಹಿಯ ಎರಡು ಪ್ರತಿಗಳೆಂಬುದನ್ನೂ, ಅವುಗಳಲ್ಲೊಂದು ಸರಿಯಾಗಿದೆ ಎಂಬುದನ್ನೂ ತಿಳಿಸುವ ಒಂಟಿಪ್ರತಿಯವಳು ಎಂಬಂಥ ಮಾತು ನಿಘಂಟಿಗೆ ಒಗ್ಗದಿರಬಹುದು. ತಪಾಸಣಾ ಶಿಬಿರದಲ್ಲಿ ಅದು ವಾಹಕಕ್ಕಿಂತ ಕಡಿಮೆ ಕೇಡು ಮಾಡುತ್ತದೆ.